ಬಲಕ್ಕೆ ತಿರುಗುವ ಮುನ್ನ

ಊರುಗಳಲ್ಲಿ ಎರಡು ಬಗೆ. ಇರಲೆಂದು ಬಂದವರು ಕಟ್ಟಿಕೊಂಡ ಊರುಗಳು ಕೆಲವು. ಹೋಗುವವರು ನಿಂತುದರಿಂದ ಬೆಳೆದುಕೊಂಡ ಊರುಗಳು ಕೆಲವು. ಬದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸು ಈ ಎರಡನೆಯ ಬಗೆಗೆ ಸೇರಿದುದು. ಹುಬ್ಬಳ್ಳಿಯಿಂದ ಹೊರಟ ಹೆದ್ದಾರಿಯು ನವಲಗುಂದ, ನರಗುಂದಗಳ ಎರೆಯ ಬಯಲನ್ನು ಸೀಳಿಕೊಂಡು, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿ, ಕೆರೂರಿನ ಮೇಲೆ ಬಡಗಣಕ್ಕೆ ಸಾಗುತ್ತದೆ. ನಡುವೆ ಈ ಕ್ರಾಸಿನಲ್ಲಿ ಬದಾಮಿಯ ಹಾದಿ ಅದರಿಂದ ಕವಲೊಡೆದು ಮೂಡಲಿಗೆ ತಿರುಗುತ್ತದೆ. ಚಹದ ಅಂಗಡಿ, ಹಣ್ಣಿನ ಬಂಡಿ, ಪಂಕ್ಚರ್ ತಿದ್ದುವವರ ಗೂಡು, ಬಸ್ಸಿಗಾಗಿ ಕಾದಿರುವ ವಿದ್ಯಾರ್ಥಿಗಳು, ಹತ್ತಿಯ ಅಂಡಿಗೆ, ಉಳ್ಳಾಗಡ್ಡಿಯ ಚೀಲ, ಚಾಲುಕ್ಯರ ಗುಹೆಗಳನ್ನು ನೋಡಲು ಹೊರಟ ಪರದೇಶದ ಪ್ರವಾಸಿ, ಬನಶಂಕರಿಗೆ ಹರಕೆ ಹೊತ್ತು ಹೊರಟ ತಾಯಿ: ಇವರೆಲ್ಲರೂ ಇಲ್ಲಿ ಒಂದು ಗಳಿಗೆ ನಿಲ್ಲುವರು. ಕ್ರಾಸಿನಲ್ಲಿ ಯಾರನ್ನು ಕಂಡರೂ ಕೇಳುವ ಮೊದಲ ಪ್ರಶ್ನೆ ಹೆಸರಿನದಲ್ಲ, ಜಾತಿಯದಲ್ಲ, “ಯಾ ಕಡೆ ಹೊಂಟೀರಿ?” ಎಂಬುದು.

ಈ ಪ್ರಶ್ನೆಗೆ ಬಾಯಿಂದ ಉತ್ತರ ಹೇಳುವುದು ಸುಲಭ. ಓಡುವ ಗಾಡಿಯ ಮೇಲೆ ಕುಳಿತು ಹೇಳುವುದು ಅಷ್ಟು ಸುಲಭವಲ್ಲ. ನರಗುಂದದ ಕಡೆಯಿಂದ ಬಂದು ಬದಾಮಿಗೆ ಹೋಗಬೇಕಾದವನು ಇಲ್ಲಿ ಬಲಕ್ಕೆ ತಿರುಗಬೇಕು. ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಬಲಕ್ಕೆ ತಿರುಗುವುದೆಂದರೆ, ಎದುರಿನಿಂದ ಬರುವ ಲಾರಿಗಳ ದಾರಿಯನ್ನು ಅಡ್ಡಹಾಯುವುದು. ಹಿಂದಿನಿಂದ ಬರುವವನು ನಮ್ಮನ್ನು ಬಲಗಡೆಯಿಂದ ದಾಟಿಹೋಗಬೇಕೆಂದು ಹವಣಿಸುತ್ತಿರುವ ಅದೇ ಹೊತ್ತಿಗೆ ಅವನ ಮುಂದಕ್ಕೆ ಸರಿಯುವುದು. ಆ ಎರಡು ಮೂರು ಕ್ಷಣಗಳಲ್ಲಿ ಸವಾರನಿಗೂ ಸಾವಿಗೂ ನಡುವೆ ಇರುವುದು ಒಂದು ಚಿಕ್ಕ ದೀಪದ ಮಿಣುಕು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಆ ದೀಪದ ವಿಷಯವನ್ನು. ಸಾಹಿತ್ಯದ ಪುಟದಲ್ಲಿ ಮೋಟಾರು ಸೈಕಲ್ಲಿನ ಇಂಡಿಕೇಟರಿಗೇನು ಕೆಲಸವೆಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಒಬ್ಬನ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬನಿಗೆ ತಪ್ಪಿಲ್ಲದೆ ಮುಟ್ಟಿಸುವುದು ಸಾಹಿತ್ಯದ ಕೆಲಸವಾದರೆ, ಆ ದೀಪದ ಕೆಲಸವೂ ಅದೇ ಎಂದಷ್ಟೇ ನನ್ನ ಸಮಾಧಾನ.

ಹಿಂದೆ ಈ ಸೀಮೆಯ ಎತ್ತಿನ ಗಾಡಿಗಳು ರಾತ್ರಿ ಹೊರಟರೆ ಅಚ್ಚಿನ ಕೆಳಗೆ ಒಂದು ಕಂದೀಲು ತೂಗುತ್ತಿತ್ತು. ಅದರ ಬೆಳಕಿನಲ್ಲಿ ಎತ್ತುಗಳ ಕಾಲಿನ ನೆರಳು ದಾರಿಯ ಉದ್ದಕ್ಕೂ ಕತ್ತರಿಯಾಡಿದಂತೆ ಆಡುತ್ತಿದ್ದುದನ್ನು ಕಂಡವರು ಇಂದಿಗೂ ಮರೆತಿರಲಾರರು. ಆ ಕಂದೀಲು ಹೇಳುತ್ತಿದ್ದುದು ಒಂದೇ ಮಾತು: “ನಾನಿದ್ದೇನೆ.” ಎತ್ತಿನ ನಡೆಗೆ ಅಷ್ಟು ಸಾಕಾಗಿತ್ತು. ಮೋಟಾರು ಬಂದಮೇಲೆ ಇರುವುದನ್ನು ಹೇಳಿದರೆ ಸಾಲದಾಯಿತು, ಏನು ಮಾಡಲಿದ್ದೇನೆಂಬುದನ್ನೂ ಹೇಳಬೇಕಾಯಿತು. ಮೊದಲು ಕೈಸನ್ನೆ ಬಂದಿತು. ಬಳಿಕ 1930ರ ದಶಕದಲ್ಲಿ ಯುರೋಪಿನ ಕಾರುಗಳ ಪಕ್ಕದಿಂದ, ರೈಲ್ವೆಯ ಕೈಕಂಬದ ಹಾಗೆ, ಒಂದು ಪುಟ್ಟ ತೋಳು ಹೊರಚಾಚಿತು. 1939ರಲ್ಲಿ ಅಮೆರಿಕದ ಬ್ಯೂಕ್ ಕಾರಿಗೆ ಮಿನುಗುವ ದೀಪ ಬಂದಿತು. ಇಂದು ಲೋಕದಲ್ಲೆಲ್ಲ ನಡೆಯುತ್ತಿರುವುದು ಈ ಮಿನುಗುವ ದೀಪದ ಭಾಷೆಯೇ.

ಮೋಟಾರು ಸೈಕಲ್ಲಿನವನಿಗೆ ಈ ಭಾಷೆಯ ಅಗತ್ಯ ಕಾರಿನವನಿಗಿಂತ ಹೆಚ್ಚು. ಕಾರಣವನ್ನು ನೋಡಿರಿ. ಬಲಕ್ಕೆ ತಿರುಗುವುದನ್ನು ಸೂಚಿಸಲು ಬಲಗೈಯನ್ನು ಚಾಚಬೇಕು. ಆದರೆ ಮೋಟಾರು ಸೈಕಲ್ಲಿನ ವೇಗವನ್ನು ಏರಿಸಿ ಇಳಿಸುವ ಹಿಡಿ ಇರುವುದು ಬಲಗೈಯಲ್ಲಿ. ಮುಂದಿನ ಚಕ್ರದ ಬ್ರೇಕಿರುವುದೂ ಬಲಗೈಯಲ್ಲಿ. ಯಾವ ಗಳಿಗೆಯಲ್ಲಿ ಆ ಕೈ ಗಾಡಿಯ ಮೇಲಿರಲೇಬೇಕೋ ಆ ಗಳಿಗೆಯಲ್ಲೇ ಅದನ್ನು ಗಾಳಿಯಲ್ಲಿ ಬೀಸಬೇಕೆಂದರೆ, ಈಜುವವನಿಗೆ ಕೈಮುಗಿ ಎಂದಂತಾದೀತು. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು 1961ರಲ್ಲಿ ತಯಾರಿಕೆ ಆರಂಭಿಸಿ, ಮೊದಲು ಜಾವಾ ಎಂದೂ ಮುಂದೆ ಯೆಜ್ಡಿ ಎಂದೂ ಹೆಸರಿಟ್ಟು, 1996ರಲ್ಲಿ ಬಾಗಿಲು ಹಾಕುವವರೆಗೆ ಕನ್ನಡ ನಾಡಿನ ಹಾದಿಗಳಲ್ಲೆಲ್ಲ ಗಾಡಿಗಳನ್ನು ಓಡಿಸಿತಷ್ಟೆ. ಆ ಗಾಡಿಗಳನ್ನು ಇಂದಿಗೂ ಮಕ್ಕಳಂತೆ ಸಾಕಿಕೊಂಡಿರುವ ಹಿರಿಯರಿದ್ದಾರೆ. ಅವರಲ್ಲಿ ಕೆಲವರು ಎಂಜಿನ್ನಿನ ಒಂದು ಮೊಳೆಯನ್ನೂ ಮುಟ್ಟಗೊಡದವರು. ಆದರೆ ದೀಪವನ್ನು ಮಾತ್ರ ಹೊಸತು ಮಾಡಿಸಿಕೊಂಡಿರುವರು. ಹಳೆಯ ಗಾಡಿಯನ್ನು ಹೊಸ ದಟ್ಟಣೆಯಲ್ಲಿ ಓಡಿಸುವುದಾದರೆ ಅಷ್ಟನ್ನಾದರೂ ಮಾಡಬೇಕಾದೀತು.

ನನ್ನದು ಅಂಥ ವಂಶಾವಳಿಯ ಗಾಡಿಯಲ್ಲ, ನೂರು ಸಿ.ಸಿ.ಯ ಸಾಧಾರಣ ಗಾಡಿ, ಪಾಠ ಹೇಳಲು ದಿನಂಪ್ರತಿ ನರಗುಂದದ ಕಡೆಯಿಂದ ಬದಾಮಿಗೆ ಹೋಗಿ ಬರುವಂಥದು. ಅದರ ಇಂಡಿಕೇಟರಿನಲ್ಲಿದ್ದುದು ಹಳೆಯ ತಂತುವಿನ ಬಲ್ಬು. ಒಂದೊಂದು 10 ವಾಟಿನದು. ಬಲಕ್ಕೆ ಗುಂಡಿ ಒತ್ತಿದರೆ ಹಿಂದಿನದೂ ಮುಂದಿನದೂ ಸೇರಿ 20 ವಾಟು. ಬ್ಯಾಟರಿ 12 ವೋಲ್ಟಿನದಾದುದರಿಂದ ಸುಮಾರು 1.7 ಆಂಪಿಯರ್ ಪ್ರವಾಹ ಬೇಕು. ಎಂಜಿನ್ ಜೋರಾಗಿ ಓಡುತ್ತಿರುವಾಗ ಇದೇನೂ ಭಾರವಲ್ಲ. ಆದರೆ ಕ್ರಾಸಿಗೆ ಬಂದು, ವೇಗ ಇಳಿಸಿ, ಎದುರಿನ ಲಾರಿಗಳ ಸಾಲು ಮುಗಿಯಲೆಂದು ಕಾದು ನಿಂತಾಗ ಎಂಜಿನ್ ಗುಟುಕು ಜೀವದಲ್ಲಿರುತ್ತದೆ. ಆಗ ವಿದ್ಯುತ್ತಿನ ಹುಟ್ಟುವಳಿ ತಗ್ಗಿ ಭಾರವೆಲ್ಲ ಆ ಚಿಕ್ಕ ಬ್ಯಾಟರಿಯ ಮೇಲೆ ಬೀಳುತ್ತದೆ. ಬ್ಯಾಟರಿ ಮುದಿಯಾಗಿದ್ದರೆ ದೀಪ ಮಂಕಾಗುತ್ತದೆ, ಮಿಣುಕು ನಿಧಾನವಾಗುತ್ತದೆ. ಅಂದರೆ, ಮಾತು ಗಟ್ಟಿಯಾಗಿ ಕೇಳಬೇಕಾದ ಸಮಯದಲ್ಲೇ ಗಂಟಲು ಕಟ್ಟುತ್ತದೆ. ವೈಶಾಖದ ಬಿಸಿಲಿನಲ್ಲಿ ಎರೆಯ ಬಯಲೆಲ್ಲ ಕಣ್ಣಿಗೆ ಕುಕ್ಕುತ್ತಿರುವಾಗ ಆ ಮಂಕು ದೀಪ ಉರಿಯಿತೋ ಇಲ್ಲವೋ ಎಂದು ಹತ್ತು ಮಾರು ದೂರದವನಿಗೂ ತಿಳಿಯದು. ಸಾಲದ್ದಕ್ಕೆ, ತಗ್ಗುದಿನ್ನೆಗಳ ಕುಲುಕಾಟಕ್ಕೆ ಬಲ್ಬಿನೊಳಗಿನ ತಂತು ಪದೇಪದೇ ತುಂಡಾಗುವುದೂ ಉಂಟು.

ಇದಕ್ಕೆ ಮದ್ದಾಗಿ ಬಂದಿರುವುದೇ ಎಲ್.ಇ.ಡಿ. ಎಂಬ ಅರೆವಾಹಕದ ದೀಪ. ಇದರ ಹುಟ್ಟು ವಿಚಿತ್ರವಾದುದು. 1907ರಲ್ಲಿ ಹೆನ್ರಿ ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರನು ಕಾರ್ಬೊರಂಡಮ್ ಎಂಬ ಹರಳಿಗೆ ವಿದ್ಯುತ್ತನ್ನು ಹಾಯಿಸಿದಾಗ ಅದು ಮಿಣ್ಣಗೆ ಬೆಳಗಿದುದನ್ನು ಕಂಡು ಪತ್ರಿಕೆಯೊಂದಕ್ಕೆ ಚುಟುಕು ಟಿಪ್ಪಣಿ ಬರೆದು ಸುಮ್ಮನಾದನು. ರಷ್ಯದ ಓಲೆಗ್ ಲೋಸೆವ್ ಎಂಬವನು 1920ರ ದಶಕದಲ್ಲಿ ಅದೇ ಬೆಳಕನ್ನು ತಾನಾಗಿ ಕಂಡು, ಅದರ ಗುಟ್ಟನ್ನು ವರ್ಷಗಟ್ಟಲೆ ಹುಡುಕಿ, 1927ರಿಂದ ಮೊದಲ್ಗೊಂಡು ಪ್ರಬಂಧಗಳನ್ನು ಪ್ರಕಟಿಸಿದನು. ಅದು ಬಿಸಿಯಿಂದ ಹುಟ್ಟಿದ ಬೆಳಕಲ್ಲ, ತಣ್ಣನೆಯ ಬೆಳಕು ಎಂಬುದನ್ನು ಅವನು ಗುರುತಿಸಿದ್ದನು. ಲೋಕ ಕಿವಿಗೊಡಲಿಲ್ಲ. 1942ರಲ್ಲಿ, ಲೆನಿನ್‌ಗ್ರಾಡ್ ನಗರಕ್ಕೆ ಶತ್ರುಸೈನ್ಯ ಮುತ್ತಿಗೆ ಹಾಕಿದ್ದಾಗ, ಮೂವತ್ತೆಂಟರ ಹರೆಯದಲ್ಲಿ ಅವನು ಹಸಿವಿನಿಂದ ತೀರಿಕೊಂಡನು. ಬಳಿಕ 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ, ಗಣಿ ಕೂಲಿಕಾರನೊಬ್ಬನ ಮಗನಾದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್.ಇ.ಡಿ.ಯನ್ನು ಮಾಡಿ ತೋರಿಸಿದರು. ಅವರ ಶಿಷ್ಯ ಜಾರ್ಜ್ ಕ್ರಾಫರ್ಡ್ 1972ರಲ್ಲಿ ಹಳದಿಯನ್ನು ಕೂಡಿಸಿದರು. ನೀಲಿಗೆ ಮಾತ್ರ ಲೋಕ ಬಹುಕಾಲ ಕಾಯಬೇಕಾಯಿತು. ಅದನ್ನು ಸಾಧಿಸಿದ ಜಪಾನಿನ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೀಲಿ ದೊರೆತುದರಿಂದಲೇ ಬಿಳಿಯ ಎಲ್.ಇ.ಡಿ. ಸಾಧ್ಯವಾಗಿ ನಮ್ಮ ಮನೆಗಳ ದೀಪವಾಯಿತು. ಕುಳಗೇರಿ ಕ್ರಾಸಿನ ಒಂದು ಗ್ಯಾರೇಜಿನಲ್ಲಿ ಇಂದು ಹುಡುಗನೊಬ್ಬ ಎರಡು ಬೆರಳ ನಡುವೆ ಹಿಡಿದು ತಿರುವುವ ಬಲ್ಬಿನ ಹಿಂದೆ ಇಷ್ಟು ದೇಶಗಳ ಪರಿಶ್ರಮವೂ ಒಂದು ಹಸಿವಿನ ಸಾವೂ ಇರುವುದೆಂದು ನೆನೆದರೆ ಮನಸ್ಸು ಒಮ್ಮೆ ಸ್ತಬ್ಧವಾಗುತ್ತದೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ನಾನು ನಾಲ್ಕು ಎಲ್.ಇ.ಡಿ. ಬಲ್ಬುಗಳನ್ನು ಕೊಂಡೆನು. ಅಂಗಡಿಯವನು ಕೊಟ್ಟ ಭರವಸೆ ಉದಾರವಾದುದು: “ಹಳೇದು ತೆಗೀರಿ, ಹೊಸಾದು ಹಾಕ್ರಿ, ಮುಗೀತ್ರಿ.” ಮುಗಿಯಲಿಲ್ಲ, ಅಲ್ಲಿಂದಲೇ ಕಥೆ ಮೊದಲಾಯಿತು. ಕ್ರಾಸಿನ ನಮ್ಮ ಮೆಕ್ಯಾನಿಕನು ಇಪ್ಪತ್ತೆಂಟು ಮೂವತ್ತರ ತರುಣ, ಮಾತು ಕಡಿಮೆ, ಕೈ ಚುರುಕು. ಬಲ್ಬುಗಳನ್ನು ಹೋಲ್ಡರಿಗೆ ಸಿಕ್ಕಿಸಿ ಗುಂಡಿ ಒತ್ತಿದನು. ದೀಪ ಹೊತ್ತಿತು, ಚೆನ್ನಾಗಿಯೇ ಹೊತ್ತಿತು; ಆದರೆ ಮಿನುಗಲಿಲ್ಲ. ಧ್ಯಾನಸ್ಥನಾದ ಯೋಗಿಯ ಕಣ್ಣಿನಂತೆ ಒಂದೇ ಸಮನೆ ಉರಿಯತೊಡಗಿತು.

ಇದಕ್ಕೆ ಕಾರಣ ಫ್ಲಾಷರ್ ಎಂಬ ಚಿಕ್ಕ ಡಬ್ಬಿ. ಹಳೆಯ ಗಾಡಿಗಳ ಫ್ಲಾಷರಿನಲ್ಲಿ ಬೇರೆ ಬೇರೆ ಲೋಹಗಳ ಎರಡು ಹಾಳೆಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಬಲ್ಬಿಗೆ ಹೋಗುವ ಪ್ರವಾಹವು ಅದನ್ನು ಕಾಯಿಸುತ್ತದೆ. ಕಾದಾಗ ಒಂದು ಲೋಹ ಹೆಚ್ಚಾಗಿಯೂ ಇನ್ನೊಂದು ಕಡಿಮೆಯಾಗಿಯೂ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಬಾಗಿದೊಡನೆ ಸಂಪರ್ಕ ತಪ್ಪಿ ದೀಪ ಆರುತ್ತದೆ. ತಣ್ಣಗಾದೊಡನೆ ಪಟ್ಟಿ ಮೊದಲಿನ ಸ್ಥಿತಿಗೆ ಬಂದು ದೀಪ ಮತ್ತೆ ಹೊತ್ತುತ್ತದೆ. ಟಿಕ್ ಟಿಕ್ ಎಂಬ ಸದ್ದು ಈ ಬಾಗುವ ಏಳುವ ಆಟದ್ದು. ಎರಡು ಹಳೆಯ ಬಲ್ಬುಗಳು 1.7 ಆಂಪಿಯರ್ ಎಳೆಯುತ್ತಿದ್ದ ಕಡೆ ಹೊಸ ಎಲ್.ಇ.ಡಿ.ಗಳೆರಡೂ ಕೂಡಿ 0.2 ಆಂಪಿಯರಿನಷ್ಟನ್ನೇ ಎಳೆಯುತ್ತವೆ. ಅಷ್ಟರಿಂದ ಪಟ್ಟಿ ಕಾಯುವುದಿಲ್ಲ, ಕಾಯದೆ ಬಾಗುವುದಿಲ್ಲ. ಮಿತಾಹಾರಿಗಳಾದ ಅತಿಥಿಗಳು ಬಂದು ಅಡುಗೆಯವನನ್ನೇ ಕೆಲಸವಿಲ್ಲದಂತೆ ಮಾಡಿದ ಹಾಗಾಯಿತು.

ಇದಕ್ಕೆ ಪರಿಹಾರ ಎರಡು ಬಗೆ. ಮೊದಲನೆಯದು, ಪ್ರತಿಯೊಂದು ಎಲ್.ಇ.ಡಿ.ಯ ಪಕ್ಕಕ್ಕೆ ಒಂದು ರೋಧಕವನ್ನು ಜೋಡಿಸಿ, ಹಳೆಯ ಬಲ್ಬಿನಷ್ಟೇ ಪ್ರವಾಹವನ್ನು ವ್ಯರ್ಥವಾಗಿ ಎಳೆಸಿ, ಪಟ್ಟಿಯನ್ನು ನಂಬಿಸುವುದು. ಲೆಕ್ಕ ಸುಲಭವಾದುದು: 12 ವೋಲ್ಟಿನ ವರ್ಗವನ್ನು 10 ವಾಟಿನಿಂದ ಭಾಗಿಸಿದರೆ 14.4 ಓಮ್. ಆದರೆ ಆ ರೋಧಕ ಕೈ ಸುಡುವಷ್ಟು ಕಾಯುತ್ತದೆ. ಪ್ಲಾಸ್ಟಿಕ್ಕಿಗೋ ವೈರಿಗೋ ತಗುಲಿದರೆ ಅಪಾಯ. ಅದಿರಲಿ, ಬ್ಯಾಟರಿಯ ಭಾರವನ್ನು ಇಳಿಸಲೆಂದು ಹೊಸ ದೀಪ ತಂದು, ಇಳಿಸಿದ ಭಾರವನ್ನು ಮತ್ತೆ ಹೊರಿಸುವುದರಲ್ಲಿ ಏನು ಅರ್ಥ? ಎರಡನೆಯದು, ಭಾರವನ್ನು ಲೆಕ್ಕಿಸದೆ ತಾನೇ ಕಾಲವನ್ನು ಎಣಿಸುವ ಎಲೆಕ್ಟ್ರಾನಿಕ್ ಫ್ಲಾಷರನ್ನು ಹಾಕುವುದು. ಇದರಲ್ಲಿ ಎರಡು ಕಾಲಿನದೂ ಉಂಟು, ಮೂರು ಕಾಲಿನದೂ ಉಂಟು. ಮೂರನೆಯ ಕಾಲನ್ನು ಗಾಡಿಯ ಚೌಕಟ್ಟಿಗೆ, ಅಂದರೆ ಅರ್ಥಿಗೆ, ಜೋಡಿಸಬೇಕು. ನಿಮಿಷಕ್ಕೆ 60ಕ್ಕೆ ಕಡಿಮೆಯಲ್ಲದೆ 120ಕ್ಕೆ ಹೆಚ್ಚಲ್ಲದೆ ಮಿನುಗಬೇಕೆಂಬುದು ಲೋಕವೆಲ್ಲ ಒಪ್ಪಿರುವ ಕಟ್ಟಳೆ. ಸ್ವಸ್ಥನಾದ ಮನುಷ್ಯನ ನಾಡಿಯ ಬಡಿತವೂ ಹೆಚ್ಚುಕಡಿಮೆ ಇಷ್ಟರೊಳಗೇ ಇರುವುದು ಆಕಸ್ಮಿಕವೇ ಇರಬಹುದು. ನನಗಂತೂ ಅದು ಹಿತವಾದ ಆಕಸ್ಮಿಕವಾಗಿ ತೋರುತ್ತದೆ.

ನಮ್ಮ ಮೆಕ್ಯಾನಿಕನು ಎರಡನೆಯ ದಾರಿಯನ್ನೇ ಹಿಡಿದನು. ಹೊಸ ಫ್ಲಾಷರ್ ಬಂದಿತು. ಗುಂಡಿಯನ್ನು ಬಲಕ್ಕೆ ಒತ್ತಿದೆನು. ದೀಪ ಸೊಗಸಾಗಿ ಮಿನುಗಿತು. ನಾನು ಹಣ ಕೊಟ್ಟು ಹೊರಡಲು ಅಣಿಯಾದೆನು. ಆದರೆ ಆ ಹುಡುಗನು, “ತಡೀರಿ ಸರ್,” ಎಂದು ಹೇಳಿ, ರಸ್ತೆಯ ಬದಿಗೆ ಐವತ್ತು ಹೆಜ್ಜೆ ಹಿಂದಕ್ಕೆ ನಡೆದುಹೋಗಿ, ಅಲ್ಲಿಂದ ಗಾಡಿಯನ್ನೇ ನೋಡುತ್ತ ನಿಂತನು. ಮರಳಿ ಬಂದವನ ಮುಖದಲ್ಲಿ ಸಮಾಧಾನವಿರಲಿಲ್ಲ.

“ಏನಾತಪಾ?” ಎಂದೆನು.

“ಸರ್, ನೀವು ಬದಾಮಿಗೆ ಹೊಂಟೀರಿ ಅನ್ನೂದು ನನಗ ಗೊತ್ತೈತ್ರಿ. ಹಿಂದ ಬರೋ ಲಾರಿಯಂವಗ ಹೆಂಗ ಗೊತ್ತಾಗಬೇಕ್ರಿ? ನಿಮ್ಮ ಗಾಡಿ ನಾಕೂ ದಿಕ್ಕಿಗೆ ಹೊಂಟೀನಿ ಅನ್ನಾಕತ್ತೈತಿ.”

ಇಳಿದು ನೋಡಿದರೆ ಮಾತು ನಿಜವಾಗಿತ್ತು. ಬಲಗಡೆಯ ಎರಡು ದೀಪಗಳ ಜೊತೆಗೆ ಎಡಗಡೆಯ ಎರಡೂ ಮಿನುಗುತ್ತಿದ್ದವು. ಸವಾರನ ಕಣ್ಣಿನ ಮುಂದೆ, ವೇಗಸೂಚಿಯ ಬಳಿಯಲ್ಲಿ, ಇಂಡಿಕೇಟರು ಹೊತ್ತಿದೆಯೆಂದು ಅವನಿಗೆ ತಿಳಿಸುವ ಒಂದು ಪುಟ್ಟ ದೀಪವಿರುತ್ತದೆ. ಎಡಕ್ಕೆ ಬೇರೆ ಬಲಕ್ಕೆ ಬೇರೆ ಇಡುವ ಬದಲು ಎರಡಕ್ಕೂ ಒಂದನ್ನೇ ಇಟ್ಟಿರುವ ಗಾಡಿಗಳು ಬಹಳ. ಆ ಒಂದು ದೀಪದ ಒಂದು ಕೊನೆಯನ್ನು ಎಡಗಡೆಯ ವೈರಿಗೂ ಇನ್ನೊಂದು ಕೊನೆಯನ್ನು ಬಲಗಡೆಯ ವೈರಿಗೂ ಕಟ್ಟಿರುತ್ತಾರೆ. ಬಲಕ್ಕೆ ಗುಂಡಿ ಒತ್ತಿದಾಗ ವಿದ್ಯುತ್ತು ಆ ದೀಪದ ಮೂಲಕ ಹಾಯ್ದು, ಆರಿರುವ ಎಡಗಡೆಯ ಬಲ್ಬುಗಳ ತಂತುವಿನೊಳಗಿಂದ ಅರ್ಥಿಗೆ ಇಳಿಯುತ್ತದೆ. ಆ ಅಲ್ಪ ಪ್ರವಾಹದಿಂದ ತಂತುವಿನ ಬಲ್ಬು ಬೆಚ್ಚಗೂ ಆಗುವುದಿಲ್ಲ. ಆದುದರಿಂದ ಹಳೆಯ ವ್ಯವಸ್ಥೆಯಲ್ಲಿ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್.ಇ.ಡಿ.ಗಾದರೋ ಅಷ್ಟೇ ಸಾಕು. ಹನಿ ನೀರಿಗೂ ಚಿಗುರುವ ಗರಿಕೆಯಂತೆ ಅದು ಆ ಕಳ್ಳಪ್ರವಾಹಕ್ಕೇ ಹೊತ್ತಿಕೊಳ್ಳುತ್ತದೆ. ಪರಿಣಾಮವಾಗಿ ನಾಲ್ಕೂ ಏಕಕಾಲದಲ್ಲಿ ಮಿನುಗುತ್ತವೆ. ಮಜವೆಂದರೆ, ಸವಾರನ ಕಣ್ಣೆದುರಿನಲ್ಲಿ ಮಿಣುಕುವ ದೀಪ ಮಾತ್ರ ಎಲ್ಲವೂ ಸರಿಯಾಗಿದೆಯೆಂದೇ ಅವನಿಗೆ ಹೇಳುತ್ತಿರುತ್ತದೆ. ಸ್ವಲ್ಪ ಮಂಕಾಗಿ ಹೇಳಬಹುದು, ಅಷ್ಟೇ.

ಇದು ನಗುವ ವಿಷಯವಲ್ಲ. ನಾಲ್ಕು ದೀಪಗಳೂ ಮಿನುಗಿದರೆ ರಸ್ತೆಯ ಭಾಷೆಯಲ್ಲಿ ಅದಕ್ಕೆ ಬೇರೆ ಅರ್ಥವುಂಟು: ‘ಗಾಡಿ ಕೆಟ್ಟಿದೆ, ನಿಂತಿದೆ, ನೀವು ಮುಂದೆ ಸಾಗಿರಿ.’ ನಾನು ಬಲಕ್ಕೆ ಹೊರಳಲು ಅಣಿಯಾಗಿರುವಾಗ ನನ್ನ ಗಾಡಿ ಹಿಂದಿನವನಿಗೆ ‘ನನ್ನನ್ನು ದಾಟಿಹೋಗು’ ಎಂದು ಹೇಳುತ್ತಿತ್ತು. ದೀಪವೇ ಇಲ್ಲದಿದ್ದರೆ ಹಿಂದಿನವನು ಅನುಮಾನದಿಂದಾದರೂ ನಿಧಾನಿಸುವನು. ತಪ್ಪು ದೀಪವನ್ನು ನಂಬಿದವನು ನಿಧಾನಿಸುವುದಿಲ್ಲ. ಮೌನಕ್ಕಿಂತ ತಪ್ಪುಮಾತು ಹೆಚ್ಚು ಅಪಾಯಕರವೆಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತಿಳಿಯದು.

ಪರಿಹಾರಕ್ಕೆ ಬೇಕಾದುದು ಎರಡು ಡಯೋಡುಗಳು. ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ, ಮರಳಿ ಬರಗೊಡದ ಬಾಗಿಲು. ಬೆಲೆ ಒಂದಕ್ಕೆ ಎರಡೇ ರೂಪಾಯಿ. ಹುಡುಗನು ಆ ಪುಟ್ಟ ದೀಪವನ್ನು ಎಡಬಲದ ವೈರುಗಳಿಂದ ಬಿಡಿಸಿ, ಅದರ ಒಂದು ಕೊನೆಯನ್ನು ಅರ್ಥಿಗೆ ಕಟ್ಟಿದನು. ಇನ್ನೊಂದು ಕೊನೆಗೆ ಎಡಗಡೆಯ ವೈರಿನಿಂದ ಒಂದು ಡಯೋಡಿನ ಮೂಲಕವೂ ಬಲಗಡೆಯದರಿಂದ ಇನ್ನೊಂದರ ಮೂಲಕವೂ ದಾರಿ ಮಾಡಿದನು. ಈಗ ಎರಡೂ ಕಡೆಯಿಂದ ದೀಪಕ್ಕೆ ವಿದ್ಯುತ್ತು ಬರಬಲ್ಲದು. ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಸುಳಲಾರದು. ಡಯೋಡಿನ ಮೇಲೆ ಬೆಳ್ಳಿಯ ಗೆರೆಯಿರುವ ಕೊನೆ ದೀಪದ ಕಡೆಗೆ ಇರಬೇಕು. ತಿರುಗುಮುರುಗಾದರೆ ದೀಪ ಹೊತ್ತದು. ಕಟ್ಟಿದ ಗಂಟುಗಳಿಗೆ ಬೆಸುಗೆ ಹಾಕಿ, ಮೇಲೆ ಕೊಳವೆ ತೊಡಿಸಿ ಮಳೆಯ ನೀರು ಹೋಗದಂತೆ ಮಾಡಿದನು. ಬಳಿಕ ಮತ್ತೊಮ್ಮೆ ಐವತ್ತು ಹೆಜ್ಜೆ ಹಿಂದಕ್ಕೆ ಹೋಗಿ ನಿಂತು ನೋಡಿ, ಎಡಕ್ಕೆ ಹಾಕಿಸಿ, ಬಲಕ್ಕೆ ಹಾಕಿಸಿ, ಬ್ರೇಕು ಒತ್ತಿಸಿ, ಆಮೇಲೆಯೇ ಕೈ ತೊಳೆದುಕೊಂಡನು. ದೀಪವನ್ನು ಪರೀಕ್ಷಿಸಬೇಕಾದ ಸ್ಥಳ ಸವಾರನ ಪೀಠವಲ್ಲ, ಹಿಂದೆ ಬರುವವನ ಜಾಗ ಎಂಬುದನ್ನು ಅವನಿಗೆ ಯಾವ ಪುಸ್ತಕ ಕಲಿಸಿತೋ ನಾನರಿಯೆ. ಬರೆಯುವವರಾದ ನಾವು, ಪಾಠ ಹೇಳುವವರಾದ ನಾವು, ಎಷ್ಟು ಸಲ ನಮ್ಮ ಮಾತನ್ನು ಐವತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡುತ್ತೇವೆ?

ಹಿಂದಿನ ಕೆಂಪು ದೀಪವನ್ನೂ ಅಂದೇ ಬದಲಿಸಲಾಯಿತು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಬಿಳಿಯ ಎಲ್.ಇ.ಡಿ.ಯು ಒಳಗೆ ನೀಲಿಯಾಗಿ ಹುಟ್ಟಿ, ಮೇಲಿನ ಹಳದಿ ಲೇಪವನ್ನು ಹಾಯ್ದು ಬಿಳಿಯೆನಿಸಿಕೊಳ್ಳುವಂಥದು. ಅದರಲ್ಲಿ ಕೆಂಪಿನ ಪಾಲು ಕಡಿಮೆ. ಅದನ್ನು ಕೆಂಪು ಗಾಜಿನ ಹಿಂದೆ ಇಟ್ಟರೆ ಬೆಳಕಿನ ಬಹುಪಾಲು ಗಾಜಿನಲ್ಲೇ ಉಳಿದು, ಹೊರಗೆ ಬರುವುದು ಸಪ್ಪೆಯಾದ ಬಣ್ಣ. ಆದುದರಿಂದ ಕೆಂಪು ಗಾಜಿನ ಹಿಂದೆ ಕೆಂಪು ಎಲ್.ಇ.ಡಿ.ಯನ್ನು, ಕಿತ್ತಳೆಹಳದಿ ಗಾಜಿನ ಹಿಂದೆ ಕಿತ್ತಳೆಹಳದಿಯದನ್ನೇ ಇಡುವುದು ಲೇಸು. ಬ್ರೇಕಿನ ದೀಪದಲ್ಲಿ ಎಲ್.ಇ.ಡಿ.ಯಿಂದ ಇನ್ನೊಂದು ಲಾಭವೂ ಉಂಟು. ತಂತು ಕಾದು ಬೆಳಗಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು, ಎಲ್.ಇ.ಡಿ.ಗೆ ಆ ತಡವಿಲ್ಲ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಬರುವ ಗಾಡಿ ಅಷ್ಟು ಹೊತ್ತಿನಲ್ಲಿ ನಾಲ್ಕು ಮೀಟರಿಗಿಂತ ಹೆಚ್ಚು ದೂರ ಬಂದುಬಿಟ್ಟಿರುತ್ತದೆ. ನಾಲ್ಕು ಮೀಟರು ಎಂದರೆ ಎರಡು ಮೋಟಾರು ಸೈಕಲ್ಲುಗಳ ಉದ್ದ. ಬದುಕಿಗೆ ಕೆಲವು ಸಲ ಅಷ್ಟೇ ಬೇಕಾಗಿರುತ್ತದೆ.

ಮುಂದಿನ ದೊಡ್ಡ ದೀಪವನ್ನೂ ಬದಲಿಸೋಣವೆಂದು ಪಕ್ಕದಲ್ಲಿ ನಿಂತಿದ್ದವರೊಬ್ಬರು ಸಲಹೆ ಕೊಟ್ಟರು. ನಾನೂ ಒಪ್ಪಲಿಲ್ಲ, ಹುಡುಗನೂ ಒಪ್ಪಲಿಲ್ಲ. ಆ ದೀಪದ ಹಿಂದಿರುವ ಹೊಳಪಿನ ಬಟ್ಟಲನ್ನು, ತಂತು ಇಂಥದೇ ಜಾಗದಲ್ಲಿ ಉರಿಯುವುದೆಂದು ಲೆಕ್ಕಹಾಕಿ ಮಾಡಿರುತ್ತಾರೆ. ಆ ಜಾಗದಲ್ಲಿ ಬೇರೆ ಆಕಾರದ ಎಲ್.ಇ.ಡಿ. ತಂದಿಟ್ಟರೆ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಎದುರಿನವನ ಕಣ್ಣಿಗೆ ಬೀಳುತ್ತದೆ. ಹಳೆಯ ಗಾಡಿಗಳು ಕೆಲವಲ್ಲಿ ಆ ದೀಪಕ್ಕೆ ಬ್ಯಾಟರಿಯಿಂದಲ್ಲದೆ ಎಂಜಿನ್ನಿನಿಂದಲೇ ನೇರವಾಗಿ, ದಿಕ್ಕು ಬದಲಿಸುತ್ತಿರುವ ವಿದ್ಯುತ್ತು ಬರುವುದರಿಂದ ಎಲ್.ಇ.ಡಿ. ಅದಕ್ಕೆ ಒಗ್ಗದೆ ನಡುಗುವುದೂ ಉಂಟು. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದುದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ತಿದ್ದುಪಡಿ ಅಂಥ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿಯ ದಂಡವನ್ನು ವಿಧಿಸಿದೆ. ಕಣ್ಣು ಕೋರೈಸುವ ದೀಪಗಳ ಮೇಲೆ ಕರ್ನಾಟಕದ ಪೊಲೀಸರು 2024ರಲ್ಲಿ ರಾಜ್ಯದಲ್ಲೆಲ್ಲ ಮೊಕದ್ದಮೆ ಹೂಡಿದರು. ದೀಪದ ಬಣ್ಣ, ಸಂಖ್ಯೆ, ಸ್ಥಾನ ಇವನ್ನು ಕದಲಿಸದೆ, ಇದ್ದ ಮಾತನ್ನೇ ಸ್ಪಷ್ಟವಾಗಿ ಹೇಳಿಸುವುದು ಒಂದು. ಕಿರಿಚಿ ಹೇಳುವುದು ಇನ್ನೊಂದು. ಇವೆರಡರ ನಡುವಣ ಗೆರೆಯನ್ನು ದಾಟಬಾರದೆಂಬುದೇ ನನ್ನ ಮತ.

ಹೊಸ ದೀಪದಿಂದ ನಷ್ಟವೇನೂ ಇಲ್ಲವೆಂದಲ್ಲ. ಹಳೆಯ ಫ್ಲಾಷರಿಗೆ ಒಂದು ಒಳ್ಳೆಯ ಗುಣವಿತ್ತು. ಒಂದು ಬಲ್ಬು ಸುಟ್ಟುಹೋದರೆ ಪ್ರವಾಹ ಕಡಿಮೆಯಾಗಿ ಮಿಣುಕಿನ ಲಯವೇ ಕೆಡುತ್ತಿತ್ತು. ಲಯ ಕೆಟ್ಟುದನ್ನು ಕೇಳಿ ಸವಾರನು, ಎಲ್ಲೋ ಒಂದು ದೀಪ ಆರಿದೆಯೆಂದು ಕುಳಿತಲ್ಲಿಂದಲೇ ತಿಳಿಯುತ್ತಿದ್ದನು. ಭಾರವನ್ನು ಲೆಕ್ಕಿಸದ ಹೊಸ ಫ್ಲಾಷರು ಹಿಂದಿನ ದೀಪ ಸತ್ತುಹೋಗಿದ್ದರೂ ಅದೇ ಹುರುಪಿನಿಂದ ಟಿಕ್ಕೆನ್ನುತ್ತಿರುತ್ತದೆ. ತನ್ನ ಕೊರತೆಯನ್ನು ತಾನೇ ಹೇಳಿಕೊಳ್ಳುವ ಗುಣವನ್ನು ಯಂತ್ರ ಕಳೆದುಕೊಂಡಿತು. ಆದುದರಿಂದ ಮನೆಯಿಂದ ಹೊರಡುವ ಮುನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬರುವ ಕೆಲಸ ಈಗ ನನ್ನ ಪಾಲಿಗೆ ಸೇರಿದೆ. ಹಳೆಯ ಯಂತ್ರ ಮಾಡುತ್ತಿದ್ದ ಎಚ್ಚರವನ್ನು ಹೊಸ ಯಂತ್ರದ ಒಡೆಯ ಮಾಡಬೇಕಾಗಿದೆ. ಈ ವ್ಯಾಪಾರ ತಿಳಿದು ಮಾಡಿದರೆ ತಪ್ಪಿಲ್ಲ.

ಇಷ್ಟನ್ನೂ ಮಾಡಿಕೊಂಡವನ ಪಾಡು ರಸ್ತೆಯ ಮೇಲೆ ಪೂರ್ತಿ ನಿರಾಳವೆನ್ನಲಾಗದು. ಕಬ್ಬಿನ ಕಾರಖಾನೆಗಳು ನಡೆಯುವ ಚಳಿಗಾಲದ ತಿಂಗಳುಗಳಲ್ಲಿ, ಎರಡೆರಡು ಟ್ರೇಲರುಗಳ ಮೇಲೆ ಬೆಟ್ಟದಂತೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲದೆ ಕತ್ತಲಲ್ಲಿ ತೆವಳುತ್ತಿರುತ್ತವೆ. ಅದೇ ದಿನಗಳಲ್ಲಿ ಬನದ ಹುಣ್ಣಿಮೆ ಬರುತ್ತದೆ. ಬನಶಂಕರಿಯ ಜಾತ್ರೆಗೆಂದು ಸಿಂಗರಿಸಿದ ಎತ್ತಿನ ಗಾಡಿಗಳು, ಬರಿಗಾಲಿನಲ್ಲಿ ನಡೆಯುವ ಹೆಂಗಸರು ಮಕ್ಕಳು ಇದೇ ಹಾದಿಯ ಅಂಚಿನಲ್ಲಿ ಸಾಲುಗಟ್ಟುತ್ತಾರೆ. ಅವರಿಗೆ ಫ್ಲಾಷರಿಲ್ಲ, ಡಯೋಡಿಲ್ಲ. ನಮ್ಮ ಮೆಕ್ಯಾನಿಕನು ತನ್ನ ಗೂಡಿನಲ್ಲಿ ಕೆಂಪು ಹೊಳಪಿನ ಪಟ್ಟಿಯ ಸುರುಳಿಯೊಂದನ್ನು ಇಟ್ಟುಕೊಂಡಿದ್ದಾನೆ. ಪಂಕ್ಚರಿಗೆಂದು ನಿಂತ ಟ್ರೇಲರಿಗೆ, ಚಹ ಕುಡಿಯಲೆಂದು ನಿಂತ ಗಾಡಿಗೆ, ಕೇಳದೆಯೇ ಒಂದೊಂದು ಗೇಣು ಅಂಟಿಸಿಬಿಡುತ್ತಾನೆ. ದುಡ್ಡು ಕೊಡಹೋದವರೊಬ್ಬರಿಗೆ ಅವನು ಹೇಳಿದುದನ್ನು ನಾನು ಕೇಳಿದ್ದೇನೆ: “ಬಿಡ್ರಿ ಕಾಕಾ, ರಾತ್ರಿ ಆ ಹಾದ್ಯಾಗ ನಾನೂ ಬರಾಂವನ ಅಲ್ರಿ.” ನಾವು ನಮಗಾಗಿ ಹಚ್ಚಿಕೊಂಡ ಹಿಂದಿನ ದೀಪವನ್ನು ನಾವು ಒಮ್ಮೆಯೂ ನೋಡುವುದಿಲ್ಲ, ಅದರ ಬೆಳಕೆಲ್ಲ ಪರರಿಗೆ. ಪರರು ಹಚ್ಚಿಕೊಂಡುದರ ಬೆಳಕಿನಲ್ಲಿ ನಾವು ಬದುಕಿರುತ್ತೇವೆ.

ಕೊನೆಯದಾಗಿ ಒಂದು ಮಾತು. ತಿರುವು ಮುಗಿದೊಡನೆ ಕಾರಿನ ಇಂಡಿಕೇಟರು ತಾನಾಗಿ ಆರುತ್ತದೆ; ನಮ್ಮ ಸಾಧಾರಣ ಮೋಟಾರು ಸೈಕಲ್ಲುಗಳಲ್ಲಿ ಆ ಏರ್ಪಾಡಿಲ್ಲ. ಬಲಕ್ಕೆ ತಿರುಗಿ ಬದಾಮಿಯ ಹಾದಿ ಹಿಡಿದು, ದೂರದ ಕೆಂಪು ಕಲ್ಲಿನ ಗುಡ್ಡಗಳನ್ನು ನೋಡುತ್ತ, ಮಿಣುಕುವ ದೀಪವನ್ನು ಮರೆತು ಮೈಲುಗಟ್ಟಲೆ ಸಾಗುವವರು ಎಷ್ಟೋ ಮಂದಿ. ಅವರನ್ನು ನಂಬಿ ಹಿಂದಿನವನು ಕಾಯುತ್ತಾನೆ, ಎದುರಿನವನು ತಡೆಯುತ್ತಾನೆ, ಎರಡು ಮೂರು ಸಲ ಮೋಸಹೋದ ಮೇಲೆ ಯಾರ ದೀಪವನ್ನೂ ನಂಬದವನಾಗುತ್ತಾನೆ. ಎಷ್ಟು ಒಳ್ಳೆಯ ದೀಪ ಹಾಕಿಸಿದರೂ ಈ ಕೆಲಸವನ್ನು ಅದು ಮಾಡದು. ಎಡಗೈಯ ಹೆಬ್ಬೆರಳಿನಿಂದ ಗುಂಡಿಯನ್ನು ನಡುವಿಗೆ ತರಬೇಕು, ಅಷ್ಟೇ.